ಗುತ್ತಿಗೆದಾರನಿಲ್ಲದೆ ಮನೆ ಕಟ್ಟಿಸಿದ ಲೆಕ್ಕ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸುವವರಿಗೆ ಕೆಲಸ ಒಪ್ಪಿಸಲು ಮೂರು ದಾರಿಗಳಿವೆ. ಸಾಮಾನು ಸಹಿತ ಪೂರ್ತಿ ಕೆಲಸವನ್ನು ಚದರ ಅಡಿಗೆ ಇಷ್ಟೆಂದು ಗುತ್ತಿಗೆದಾರನಿಗೆ ವಹಿಸಿ ಕೊನೆಗೆ ಕೀಲಿಕೈ ಪಡೆಯುವುದು ಒಂದು. ಸಿಮೆಂಟು, ಕಬ್ಬಿಣ, ಉಸುಕು (ಮರಳು), ಖಡಿ (ಜಲ್ಲಿ) ಇವನ್ನು ತಾವೇ ತರಿಸಿಕೊಟ್ಟು ಕೂಲಿಯನ್ನಷ್ಟೇ ಒಬ್ಬನಿಗೆ ಗುತ್ತಿಗೆ ಕೊಡುವುದು ಇನ್ನೊಂದು. ಗೋಡೆ ಕಟ್ಟುವ ಗೌಂಡಿ, ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವ ಸೆಂಟ್ರಿಂಗ್‌ನವನು, ಬಾರ್ ಬೆಂಡರ್, ಬಡಿಗೇರ, ಪ್ಲಂಬರ್, ವಾಯರ್‌ಮನ್, ಫರಸಿಯವನು, ಪೇಂಟರ್ ಹೀಗೆ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಗೊತ್ತುಮಾಡಿಕೊಂಡು ಅವರೆಲ್ಲರ ನಡುವೆ ಮನೆಯ ಯಜಮಾನನೇ ನಿಲ್ಲುವುದು ಮೂರನೆಯದು. ಕುಸುಗಲ್ ರಸ್ತೆಯ ಕಡೆಗಿರುವ ನಮ್ಮ ಮೂವತ್ತು-ನಲವತ್ತರ ನಿವೇಶನದಲ್ಲಿ ನಾನು ಹಿಡಿದದ್ದು ಈ ಮೂರನೆಯ ದಾರಿಯನ್ನು. ಮನೆ ನೋಡಲು ಬಂದವರಲ್ಲಿ ಬಹುತೇಕರು ಕೂಡ್ರುವ ಮೊದಲೇ ಕೇಳುವ ಪ್ರಶ್ನೆ ‘ಎಷ್ಟು ಉಳೀತ್ರೀ?’ ಎಂಬುದೇ ಆಗಿರುವುದರಿಂದ, ಉಳಿದದ್ದು ಎಲ್ಲಿಂದ ಉಳಿಯಿತು ಮತ್ತು ಅದಕ್ಕೆ ಬದಲಾಗಿ ಏನನ್ನು ತೆರಬೇಕಾಯಿತು ಎಂಬುದನ್ನು ಒಮ್ಮೆ ವಿವರವಾಗಿ ಬರೆದಿಡುವುದು ಒಳ್ಳೆಯದೆನಿಸಿತು.

ಗುತ್ತಿಗೆದಾರ ಗೌಂಡಿಗೆ ಗೋಡೆ ಕಟ್ಟಲು ಕಲಿಸುವುದಿಲ್ಲ, ಬಾರ್ ಬೆಂಡರ್‌ಗೆ ಕಬ್ಬಿಣ ಬಾಗಿಸಲು ಹೇಳಿಕೊಡುವುದಿಲ್ಲ. ಅವರವರ ಕಸುಬು ಅವರವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಆದರೆ ಒಬ್ಬನ ಕೆಲಸ ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ಆರಂಭವಾಗುತ್ತದೆಯೋ ಆ ಸಂದಿಯಲ್ಲಿ ಯಾರೂ ಇರುವುದಿಲ್ಲ. ವಾಯರ್‌ಮನ್ ಪೈಪು ಹಾಕಿ ಹೋದ ಮೇಲೆ ಗೌಂಡಿ ಅದನ್ನು ತುಳಿದು ಒಡೆಯುತ್ತಾನೆ, ಪ್ಲಂಬರ್ ಬರುವ ಮೊದಲೇ ಪ್ಲಾಸ್ಟರ್ ಆಗಿಬಿಡುತ್ತದೆ, ಸೆಂಟ್ರಿಂಗ್ ಸಿದ್ಧವಾದ ದಿನ ಕಬ್ಬಿಣ ಅಂಗಡಿಯಲ್ಲೇ ಇರುತ್ತದೆ. ಈ ಸಂದಿಗಳನ್ನು ಕಾಯುವುದೇ ಗುತ್ತಿಗೆದಾರನ ನಿಜವಾದ ಕೆಲಸವೆಂದೂ, ಅವನ ಲಾಭವೆಂದು ನಾವು ಕರೆಯುವ ಹಣದಲ್ಲಿ ದೊಡ್ಡ ಪಾಲು ಆ ಕಾವಲಿನ ಕೂಲಿಯೆಂದೂ ನನಗೆ ಕೆಲಸ ಅರ್ಧಕ್ಕೆ ಬರುವಷ್ಟರಲ್ಲಿ ಮನವರಿಕೆಯಾಗಿತ್ತು. ಅದನ್ನು ಉಳಿಸಬೇಕೆನ್ನುವವನು ಅಷ್ಟೂ ಹೊತ್ತು ಕಟ್ಟಡದ ಮೇಲೆ ಇರಬೇಕಾಗುತ್ತದೆ.

ಕಾಗದಪತ್ರಗಳ ವಿಷಯವನ್ನು ಬೇಗನೆ ಮುಗಿಸುತ್ತೇನೆ. ನಿವೇಶನದ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆಯ ನಕ್ಷೆ, ಉತಾರ (ಹಕ್ಕಿನ ದಾಖಲೆ) ಇವು ಸರಿಯಾಗಿದ್ದರೆ ಮಹಾನಗರ ಪಾಲಿಕೆಯಿಂದ ಕಟ್ಟಡದ ಪರವಾನಿಗೆ ಪಡೆಯುವುದು ನೋಂದಾಯಿತ ಇಂಜಿನಿಯರ್ ಮೂಲಕ ನಡೆದುಹೋಗುತ್ತದೆ. ಪರವಾನಿಗೆಯ ಶುಲ್ಕದ ಜೊತೆಗೆ ನಿರ್ಮಾಣ ವೆಚ್ಚದ ಶೇಕಡಾ 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ಸನ್ನೂ ನಾವು ಕಟ್ಟಬೇಕಾಗಿತ್ತು; ಈಗಿನ ನಿಯಮವನ್ನು ಕೇಳಿ ತಿಳಿದು ಅಂದಾಜುಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕು. ಹೆಸ್ಕಾಂನಿಂದ ತಾತ್ಕಾಲಿಕ ವಿದ್ಯುತ್ ಸಂಪರ್ಕವನ್ನು ಪಾಯ ತೋಡುವ ಮೊದಲೇ ಪಡೆಯುವುದು ಲೇಸು, ಏಕೆಂದರೆ ಪಕ್ಕದ ಮನೆಯವರಿಂದ ವಾಯರ್ ಎಳೆದುಕೊಂಡ ಸ್ನೇಹ ಬಹಳ ದಿನ ಬಾಳುವುದಿಲ್ಲ. ತೆರಿಗೆಯ ವಿಷಯದಲ್ಲಿ ಒಂದು ಅನುಕೂಲವಿದೆ. ಬಿಡಿ ಮನೆಯೊಂದರ ನಿರ್ಮಾಣಕ್ಕೆ ಕೇವಲ ಕೂಲಿಯನ್ನು ಒದಗಿಸುವ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿಯಿದೆ. ಸಾಮಾನು ಸಹಿತ ಕೆಲಸವನ್ನು ನೋಂದಾಯಿತ ಗುತ್ತಿಗೆದಾರನಿಗೆ ಕೊಟ್ಟರೆ ಪೂರ್ತಿ ಬಿಲ್ಲಿನ ಮೇಲೆ, ಅಂದರೆ ಕೂಲಿಯ ಮೇಲೂ, ಶೇಕಡಾ 18ರ ತೆರಿಗೆ ಬೀಳುತ್ತದೆ. ಸಿಮೆಂಟಿನ ಮೇಲಿದ್ದ ಶೇಕಡಾ 28ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿರುವುದರಿಂದ ಹಳೆಯ ಅಂದಾಜುಪಟ್ಟಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕುವವರು ಅದನ್ನು ತಿದ್ದಿಕೊಳ್ಳಬೇಕು. ಬ್ಯಾಂಕಿನ ಸಾಲವಾದರೆ ಹಣ ಹಂತಹಂತವಾಗಿ, ಅದೂ ಆ ಹಂತದ ಕೆಲಸ ಮುಗಿದ ಮೇಲೆ ಬರುತ್ತದೆ. ಹೀಗಾಗಿ ಪಾಯಕ್ಕೆ ಬೇಕಾದ ಹಣ ಕೈಯಲ್ಲೇ ಇರಬೇಕು.

ಗುತ್ತಿಗೆದಾರನನ್ನು ಬಿಟ್ಟರೂ ಸ್ಟ್ರಕ್ಚರಲ್ ಇಂಜಿನಿಯರ್‌ನನ್ನು ಬಿಡುವಂತಿಲ್ಲ. ನಮ್ಮ ಕಡೆ ಅನೇಕರು ಪಾಲಿಕೆಗೆ ಸಲ್ಲಿಸುವ ನಕ್ಷೆಯೇ ಸಾಕೆಂದು ತಿಳಿದು, ಕಾಲಮ್ಮಿನ ಕಬ್ಬಿಣವನ್ನು ಗೌಂಡಿಯ ಅನುಭವಕ್ಕೆ ಬಿಟ್ಟುಬಿಡುತ್ತಾರೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಹಲವರು ಪ್ರಾಣ ಕಳೆದುಕೊಂಡದ್ದನ್ನು ಈ ಊರಿನವರು ಮರೆತಿರಲಾರರು. ಎರಡು ಮಹಡಿಯ ಮನೆಗೂ ಆ ದೊಡ್ಡ ಕಟ್ಟಡಕ್ಕೂ ಹೋಲಿಕೆಯಿಲ್ಲ ನಿಜ. ಆದರೂ ಪ್ರತಿ ಕಾಲಮ್, ಬೀಮ್ ಮತ್ತು ಸ್ಲ್ಯಾಬಿನ ಕಬ್ಬಿಣದ ವಿವರವುಳ್ಳ ಹಾಳೆಗಳು ಕೈಯಲ್ಲಿದ್ದಾಗ ಮಾತ್ರ ಯಜಮಾನನಿಗೆ ಕೆಲಸಗಾರರ ಮುಂದೆ ‘ಇದು ಹೀಗೇ ಆಗಬೇಕು’ ಎನ್ನುವ ಅಧಿಕಾರ ಬರುತ್ತದೆ. ಇಂಜಿನಿಯರ್‌ಗೆ ಕೊಡುವ ಶುಲ್ಕದಲ್ಲಿ ನಕ್ಷೆಯ ಜೊತೆಗೆ ಪಾಯ, ಪ್ಲಿಂತ್ (ಪಾಯದ ಮೇಲಿನ ನೆಲಮಟ್ಟ) ಮತ್ತು ಸ್ಲ್ಯಾಬಿನ ಮುಂಚಿನ ಭೇಟಿಗಳನ್ನೂ ಸೇರಿಸಿ ಬರೆಯಿಸಿಕೊಳ್ಳಬೇಕು.

ಇನ್ನು ಮಣ್ಣು. ಧಾರವಾಡದ ಪಶ್ಚಿಮದ ಅಂಚಿನ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಕಟ್ಟುವವರಿಗೂ ಹುಬ್ಬಳ್ಳಿಯಿಂದ ಗದಗ, ನವಲಗುಂದದ ದಿಕ್ಕಿಗೆ ಹಬ್ಬಿರುವ ಎರೆಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ನೆಲದಲ್ಲಿ, ಕಟ್ಟುವವರಿಗೂ ಮನೆಯ ಖರ್ಚು ಬೇರೆಯಾಗುವುದು ನೆಲದ ಕೆಳಗೇ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ; ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿದ್ದ ನೆಲ ಆಗಸ್ಟ್‌ನಲ್ಲಿ ಮುಚ್ಚಿಕೊಂಡು ಮೇಲೇಳುತ್ತದೆ. ಮನೆಯ ಒಂದು ಮೂಲೆಯ ಕೆಳಗೆ ಹಸಿ, ಇನ್ನೊಂದು ಮೂಲೆಯ ಕೆಳಗೆ ಒಣ ಎಂದಾದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಇಂಥ ಬಿರುಕುಗಳನ್ನು ಈ ಭಾಗದ ಹಳೆಯ ಬಡಾವಣೆಗಳಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮ ಹಿರಿಯ ಗೌಂಡಿ ಇಡೀ ಶಾಸ್ತ್ರವನ್ನು ಒಂದೇ ಮಾತಿನಲ್ಲಿ ಮುಗಿಸಿದ್ದ: ‘ಸರ, ಎರಿ ನೆಲಾ ಬ್ಯಾಸಗ್ಯಾಗ ಬಾಯಿ ಬಿಡ್ತೈತಿ, ಮಳಿಗಾಲ್ದಾಗ ಉಬ್ಬತೈತಿ. ಗರಸು ಸಿಗೂತನಾ ಇಳೀಬೇಕ್ರಿ, ನಡಕ ನಿಂದ್ರಾಕ ಬರಂಗಿಲ್ರಿ.’

ಗರಸು, ಅಂದರೆ ಗಟ್ಟಿ ಮುರುಮ, ಎಷ್ಟು ಆಳದಲ್ಲಿ ಸಿಗುತ್ತದೆಂಬುದು ನಿವೇಶನದಿಂದ ನಿವೇಶನಕ್ಕೆ ಬದಲಾಗುತ್ತದೆ. ಆದ್ದರಿಂದ ನಕ್ಷೆ ಬರೆಯಿಸುವ ಮೊದಲೇ ಎರಡು ಎದುರುಬದುರು ಮೂಲೆಗಳಲ್ಲಿ ಜೆಸಿಬಿಯಿಂದ ಪರೀಕ್ಷೆಯ ಗುಂಡಿ ತೋಡಿಸಿ ಇಂಜಿನಿಯರ್‌ಗೆ ತೋರಿಸುವುದು ಉಳಿದೆಲ್ಲಕ್ಕಿಂತ ಅಗ್ಗದ ವಿಮೆ. ಗರಸು ಕೈಗೆಟುಕುವ ಆಳದಲ್ಲಿದ್ದರೆ ಕಾಲಮ್ಮಿನ ಫುಟಿಂಗನ್ನು (ಬುಡದ ಅಗಲವಾದ ಪೀಠವನ್ನು) ಅದರ ಮೇಲೆ ಕೂಡ್ರಿಸಿ, ಎಲ್ಲ ಕಾಲಮ್ಮುಗಳನ್ನು ಪ್ಲಿಂತ್ ಬೀಮಿನಿಂದ ಬಂಧಿಸುತ್ತಾರೆ. ಬಹಳ ಆಳಕ್ಕೆ ಹೋದರೆ ತುದಿಯಲ್ಲಿ ಉಬ್ಬಿದ ಅಂಡರ್-ರೀಮ್ಡ್ ಪೈಲ್, ಅಂದರೆ ನೆಲದೊಳಕ್ಕೆ ಇಳಿಯುವ ಕಾಂಕ್ರೀಟಿನ ಕಂಬ, ಹಾಕುತ್ತಾರೆ. ಎರೆಮಣ್ಣಿಗೆ ಒಗ್ಗುವ ಈ ಪದ್ಧತಿಯನ್ನು ನಮ್ಮ ದೇಶದಲ್ಲಿ ಬೆಳೆಸಿದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ತೋಡಿದ ಎರೆಮಣ್ಣನ್ನೇ ಪಾಯದ ಒಳಗೆ ಮರಳಿ ತುಂಬಿಸಿ ‘ಸಾಮಾನಿನ ಖರ್ಚು ಉಳಿಸಿದೆ’ ಎಂದು ಹೇಳುವವನನ್ನು ಆ ಕ್ಷಣವೇ ನಿಲ್ಲಿಸಬೇಕು. ಆ ಮಣ್ಣು ಟಿಪ್ಪರ್‌ನಲ್ಲಿ ಹೊರಗೆ ಹೋಗಬೇಕು, ಒಳಗೆ ಮುರುಮ ಬರಬೇಕು, ಅದೂ ಪದರಪದರವಾಗಿ ನೀರು ಹಾಕಿ ಧುಮ್ಮಸು ಹೊಡೆದು ಕೂಡ್ರಿಸಬೇಕು. ಮನೆ ಮುಗಿದ ಮೇಲೆ ಸುತ್ತಲೂ ಇಳಿಜಾರಾಗಿ ಫರಸಿ ಅಥವಾ ಕಾಂಕ್ರೀಟಿನ ಅಂಚು ಹಾಕಿಸಿ ಮಳೆಯ ನೀರು ಗೋಡೆಯ ಬುಡಕ್ಕೆ ಇಳಿಯದಂತೆ ಮಾಡುವುದೂ ಇದೇ ಕೆಲಸದ ಮುಂದುವರಿಕೆ. ಆದರೆ ಅಷ್ಟು ಹೊತ್ತಿಗೆ ಹಣವೂ ಉತ್ಸಾಹವೂ ತೀರಿರುವುದರಿಂದ ಬಹಳ ಮನೆಗಳಲ್ಲಿ ಅದು ಆಗುವುದೇ ಇಲ್ಲ.

ಇದೇ ಮಣ್ಣಿನ ಕಾರಣಕ್ಕೆ ಕೆಲಸದ ಪಂಚಾಂಗವೂ ನಿರ್ಧಾರವಾಗುತ್ತದೆ. ಮಳೆಗಾಲದಲ್ಲಿ ಎರೆಭೂಮಿಯ ನಿವೇಶನದೊಳಕ್ಕೆ ಲಾರಿ ಇಳಿದರೆ ಮೇಲೇಳುವುದಿಲ್ಲ. ದೀಪಾವಳಿ ಮುಗಿದು ನೆಲ ಗಟ್ಟಿಯಾದ ಮೇಲೆ ಪಾಯ ತೋಡಿ, ಮುಂಗಾರು ಬರುವ ಮೊದಲು ಸ್ಲ್ಯಾಬ್ ಮುಗಿಸಿ, ಮಳೆಗಾಲದಲ್ಲಿ ಒಳಗಿನ ಕೆಲಸ ನಡೆಸುವ ಕ್ರಮ ಇಲ್ಲಿಗೆ ಸರಿಹೊಂದುತ್ತದೆ. ಅಮಾವಾಸ್ಯೆಯ ದಿನ ಗೌಂಡಿಗಳು ಕೆಲಸಕ್ಕೆ ಬರುವುದಿಲ್ಲ, ನಾಗರಪಂಚಮಿಗೆ ಮಣ್ಣು ಅಗೆಯುವವರು ಸಿಗುವುದಿಲ್ಲ, ಶಿವರಾತ್ರಿಯ ಸಿದ್ಧಾರೂಢರ ತೇರು ಮತ್ತು ಹುಬ್ಬಳ್ಳಿಯ ರಂಗಪಂಚಮಿಯ ಆಸುಪಾಸಿನಲ್ಲಿ ಸ್ಲ್ಯಾಬ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಹಳ್ಳಿಯಿಂದ ಬರುವ ಕೂಲಿಯವರು ಬಿತ್ತನೆಗೆ ಹೋಗಿಬಿಡುತ್ತಾರೆ. ಇದೆಲ್ಲ ಮೊದಲೇ ಗೊತ್ತಿರುವ ಸಂಗತಿಗಳೇ ಆದ್ದರಿಂದ, ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ನೋಡಿ ಕೆಲಸ ಹೊಂದಿಸದವನು ಕೂಲಿಯವರನ್ನು ಬೈಯುವುದು ನ್ಯಾಯವಲ್ಲ.

ಸಾಮಾನು ತರಿಸುವುದರಲ್ಲಿ ನಿಜವಾದ ಉಳಿತಾಯವಿದೆ, ಆದರೆ ಅದು ದರದ ಚೌಕಾಸಿಯಿಂದ ಬರುವುದಕ್ಕಿಂತ ಅಳತೆಯಿಂದ ಬರುವುದೇ ಹೆಚ್ಚು. ನಮ್ಮ ಕಡೆ ಉಸುಕು, ಖಡಿ, ಮುರುಮಗಳ ವ್ಯಾಪಾರ ಬ್ರಾಸಿನ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಲಾರಿಯ ಡಬ್ಬಿಯ ಒಳಗಿನ ಉದ್ದ, ಅಗಲ ಮತ್ತು ಸಾಮಾನಿನ ಎತ್ತರವನ್ನು ಅಡಿಗಳಲ್ಲಿ ಗುಣಿಸಿ ನೂರರಿಂದ ಭಾಗಿಸಿದರೆ ಬ್ರಾಸ್ ಸಿಗುತ್ತದೆ: 10 ಅಡಿ ಉದ್ದ, 6 ಅಡಿ ಅಗಲದ ಡಬ್ಬಿಯಲ್ಲಿ ಮೂರೂವರೆ ಅಡಿ ತುಂಬಿದ್ದರೆ 2.1 ಬ್ರಾಸ್. ಡಬ್ಬಿಯ ನಡುವೆ ಗುಡ್ಡೆಯಾಗಿದ್ದು ಅಂಚಿನಲ್ಲಿ ತಗ್ಗಿದ್ದರೆ ಕಬ್ಬಿಣದ ಸರಳೊಂದನ್ನು ನಾಲ್ಕು ಮೂಲೆ ಮತ್ತು ನಡುವಿಗೆ ಚುಚ್ಚಿ ಸರಾಸರಿ ತೆಗೆಯಬೇಕು. ಒಬ್ಬ ಪೂರೈಕೆದಾರ ಮೂರು ಬ್ರಾಸ್ ಎಂದು ಚೀಟಿ ಬರೆದು ಕಳಿಸಿದ ಖಡಿಯನ್ನು ಹೀಗೆ ಅಳೆದಾಗ ಎರಡೂವರೆಯೂ ಆಗಲಿಲ್ಲ. ಚಾಲಕ ನನ್ನ ಕೈಯಲ್ಲಿದ್ದ ಟೇಪನ್ನೂ ಸರಳನ್ನೂ ನೋಡಿ, ‘ಯಜಮಾನ್ರ, ಹಂಗ ಅಳದ್ರ ಹುಬ್ಬಳ್ಳ್ಯಾಗ ಯಾರೂ ಖಡಿ ಹಾಕೂದಿಲ್ರಿ’ ಎಂದ. ಮುಂದಿನ ಲಾರಿಯಿಂದ ಅಳತೆ ಸರಿಯಾಗಿಯೇ ಬಂತು.

ಉಸುಕಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ತುಂಗಭದ್ರೆಯ ಉಸುಕಾಗಲಿ, ಈಗ ಹೆಚ್ಚಾಗಿ ಬಳಕೆಯಲ್ಲಿರುವ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಉಸುಕು) ಆಗಲಿ, ತೇವವಿದ್ದಾಗ ಉಬ್ಬಿಕೊಂಡಿರುತ್ತದೆ; ಐದಾರು ಶೇಕಡಾ ತೇವಕ್ಕೇ ಗಾತ್ರ ಕಾಲು ಭಾಗದವರೆಗೆ ಹೆಚ್ಚಾಗಬಹುದು. ಅಂದರೆ ಹಸಿ ಉಸುಕನ್ನು ಬ್ರಾಸಿನ ಲೆಕ್ಕದಲ್ಲಿ ಕೊಂಡವನು ಗಾಳಿಗೂ ಹಣ ಕೊಟ್ಟಂತೆ, ಮತ್ತು ಅದೇ ಉಸುಕನ್ನು ಬುಟ್ಟಿಯ ಲೆಕ್ಕದಲ್ಲಿ ಕಾಂಕ್ರೀಟಿಗೆ ಹಾಕಿದರೆ ಮಿಶ್ರಣದಲ್ಲಿ ಉಸುಕು ಕಡಿಮೆ ಬೀಳುತ್ತದೆ. ಮಣ್ಣಿನ ಅಂಶ ನೋಡಲು ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು, ಮೇಲೆ ಉಪ್ಪು ಬೆರೆಸಿದ ನೀರು ಹಾಕಿ ಚೆನ್ನಾಗಿ ಕಲಕಿ ಕೆಲವು ತಾಸು ಬಿಟ್ಟರೆ ಉಸುಕಿನ ಮೇಲೆ ಕೆಸರಿನ ಪದರ ಬೇರೆಯಾಗಿ ನಿಲ್ಲುತ್ತದೆ. ನದಿಯ ಉಸುಕಿನಲ್ಲಿ ಆ ಪದರ ಉಸುಕಿನ ಎತ್ತರದ ಶೇಕಡಾ 8ಕ್ಕಿಂತ ಹೆಚ್ಚಾಗಿದ್ದರೆ ತೊಳೆಯದೆ ಬಳಸುವಂತಿಲ್ಲ.

ಕಬ್ಬಿಣವನ್ನು ಅಂಗಡಿಯ ಕಾಟಾದ ಚೀಟಿಯ ಮೇಲಷ್ಟೇ ನಂಬದೆ ಸರಳುಗಳನ್ನು ಎಣಿಸಿ ಲೆಕ್ಕ ಹಾಕಬೇಕು. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. ಈ ಲೆಕ್ಕದಂತೆ 12 ಮೀಟರ್ ಉದ್ದದ ಒಂದು 12 ಎಂಎಂ ಸರಳು ಸುಮಾರು 10.7 ಕಿಲೋ, 8 ಎಂಎಂ ಸರಳು ಸುಮಾರು 4.7 ಕಿಲೋ ತೂಗಬೇಕು. ಭಾರತೀಯ ಮಾನಕವು 12ರಿಂದ 16 ಎಂಎಂವರೆಗಿನ ಸರಳುಗಳಲ್ಲಿ ಶೇಕಡಾ 5ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಅದಕ್ಕಿಂತ ಹಗುರವಾದದ್ದು ಬಂದರೆ ತೂಕದಲ್ಲಿ ಮೋಸವಿರಲಾರದು, ಆದರೆ ಇಂಜಿನಿಯರ್ ಲೆಕ್ಕ ಹಾಕಿದಷ್ಟು ದಪ್ಪದ ಕಬ್ಬಿಣ ಸ್ಲ್ಯಾಬಿನಲ್ಲಿ ಇರುವುದಿಲ್ಲ. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದನ್ನು ಪರೀಕ್ಷೆಯಿಲ್ಲದೆ ಬಳಸಬಾರದು, ಮತ್ತು ಬಂದ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ, ಹತ್ತಕ್ಕಿಂತ ಹೆಚ್ಚು ಎತ್ತರವಾಗದಂತೆ ಒಟ್ಟಬೇಕು. ಒಮ್ಮೆಗೇ ಇಡೀ ಮನೆಯ ಸಿಮೆಂಟನ್ನು ತರಿಸಿಕೊಂಡರೆ ದರದಲ್ಲಿ ಏನು ಉಳಿದರೂ ತೇವಕ್ಕೆ ಹೋಗುತ್ತದೆ.

ಎಷ್ಟು ಬೇಕೆಂಬುದನ್ನು ಯಜಮಾನನೇ ಲೆಕ್ಕ ಹಾಕಬಲ್ಲವನಾಗಿರಬೇಕು, ಇಲ್ಲದಿದ್ದರೆ ಕೆಲಸದ ನಡುವೆ ‘ಇನ್ನ ಹತ್ತ ಚೀಲಾ ಬೇಕ್ರಿ’ ಎಂಬ ಕರೆಗಳು ಬರುತ್ತಲೇ ಇರುತ್ತವೆ. 1,000 ಚದರ ಅಡಿಯ, 5 ಇಂಚು ದಪ್ಪದ ಸ್ಲ್ಯಾಬ್ ಎಂದರೆ ಸುಮಾರು 417 ಘನ ಅಡಿ, ಅಂದರೆ 11.8 ಘನಮೀಟರ್ ಕಾಂಕ್ರೀಟು. ಸಿಮೆಂಟು ಒಂದು, ಉಸುಕು ಒಂದೂವರೆ, ಖಡಿ ಮೂರರ ಮಿಶ್ರಣದಲ್ಲಿ ಘನಮೀಟರಿಗೆ ಸುಮಾರು 8 ಚೀಲ ಹಿಡಿದರೆ 95 ಚೀಲ ಸಿಮೆಂಟು, ಒಂದೂ ಮುಕ್ಕಾಲು ಬ್ರಾಸ್ ಉಸುಕು, ಮೂರೂವರೆ ಬ್ರಾಸ್ ಖಡಿ ಬೇಕಾಗುತ್ತದೆ, ಬೀಮುಗಳದ್ದು ಬೇರೆ. ಈ ಅಂಕಿಗಳನ್ನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಿದ್ದೆ. ಅದನ್ನು ನೋಡಿದ ಮೇಲೆ ಕೇಳುವವರು ಯೋಚಿಸಿ ಕೇಳತೊಡಗಿದರು.

ಕೂಲಿಯ ಒಪ್ಪಂದವನ್ನು ಬಾಯಿಮಾತಿಗೆ ಬಿಡದೆ ಒಂದು ಹಾಳೆಯ ಮೇಲೆ ಬರೆಯುವುದು ನಮ್ಮಲ್ಲಿ ಅಪನಂಬಿಕೆಯ ಲಕ್ಷಣವೆಂಬ ಭಾವನೆಯಿದೆ. ನನ್ನ ಅನುಭವದಲ್ಲಿ ಗೌಂಡಿಗಳಿಗೂ ಅದು ಬೇಕಾಗಿರುತ್ತದೆ. ಚದರ ಅಡಿಯ ದರ ಎಂದಾಗ ನೀರಿನ ಟಾಕಿ, ಕಂಪೌಂಡು, ಪ್ಯಾರಾಪೆಟ್, ಸಜ್ಜಾ, ಅಡುಗೆಮನೆಯ ಕಟ್ಟೆ, ಮೆಟ್ಟಿಲುಗಳು ಆ ದರದೊಳಗೆ ಬರುತ್ತವೆಯೋ ಇಲ್ಲವೋ ಎಂಬುದರ ಮೇಲೆಯೇ ಮುಂದಿನ ಜಗಳಗಳೆಲ್ಲ ಹುಟ್ಟುತ್ತವೆ. ಸೆಂಟ್ರಿಂಗ್ ಹಲಗೆಗಳ ಬಾಡಿಗೆ ಯಾರದು, ಮಿಕ್ಸರ್ ಮತ್ತು ವೈಬ್ರೇಟರ್ ಯಾರದು, ಕ್ಯೂರಿಂಗ್‌ಗೆ (ಕಾಂಕ್ರೀಟಿಗೆ ನೀರುಣಿಸಿ ಹಸಿಯಾಗಿಡಲು) ಆಳು ಯಾರದು ಎಂಬ ಮೂರು ಸಾಲುಗಳನ್ನೂ ಅದರಲ್ಲಿ ಸೇರಿಸಬೇಕು. ವಾರದ ಬಟವಡೆಯನ್ನು ನಿಗದಿಯಾದ ದಿನ, ನಿಗದಿಯಾದ ಹೊತ್ತಿಗೆ, ಹಜೇರಿಯ ವಹಿಯಲ್ಲಿ ರುಜು ಹಾಕಿಸಿಕೊಂಡು ಕೊಡಬೇಕು. ಮಾಡಿದ ಕೆಲಸಕ್ಕಿಂತ ಮುಂಗಡ ಹೆಚ್ಚಾದ ವಾರದಿಂದಲೇ ಬರುವ ಆಳುಗಳ ಸಂಖ್ಯೆ ಕಡಿಮೆಯಾಗುವುದು ನಮ್ಮಲ್ಲಿ ಎಲ್ಲರೂ ಬಲ್ಲ ವಿಷಯ. ಕೊನೆಯ ಶೇಕಡಾ 5ರಿಂದ 10ರಷ್ಟು ಹಣವನ್ನು ಮೊದಲ ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳುವ ಮಾತನ್ನು ಆರಂಭದಲ್ಲೇ ಆಡಿ ಮುಗಿಸಬೇಕು.

ತಾನೇ ಗುತ್ತಿಗೆದಾರನಾದವನು ಕಾನೂನಿನ ಕಣ್ಣಿನಲ್ಲಿಯೂ ಒಂದು ಮಟ್ಟಿಗೆ ಮಾಲೀಕನಾಗುತ್ತಾನೆ. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು 18ರಿಂದ 60ರೊಳಗಿನ ಕೂಲಿಕಾರರು ಹಿಂದಿನ ಒಂದು ವರ್ಷದಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ತರಬೇಕಾಗುತ್ತದೆ. ಇಟ್ಟಂಗಿ ಹೊರುತ್ತಿದ್ದ ಹೆಣ್ಣುಮಗಳೊಬ್ಬಳು ಆ ಅರ್ಜಿಯನ್ನು ಸೆರಗಿನಲ್ಲಿ ಮಡಚಿಕೊಂಡು ಬಂದು, ‘ಅಣ್ಣಾರ, ಹೋದ ಮನಿಯವ್ರು ಸಹಿ ಮಾಡ್ಲಿಲ್ರಿ, ನೀವರ ಮಾಡ್ರಿ’ ಎಂದಳು. ಹಜೇರಿಯ ವಹಿ ಇದ್ದುದರಿಂದ ಸಹಿ ಮಾಡುವುದು ಸುಲಭವಾಯಿತು. ನಾವು ಕಟ್ಟಿದ ಸೆಸ್ಸಿನ ಹಣ ಹೋಗುವುದು ಅದೇ ಮಂಡಳಿಗೆ. ಆ ಹಣದ ಸೌಲಭ್ಯ ತಲುಪಬೇಕಾದವರಿಗೆ ಒಂದು ಸಹಿಯನ್ನು ನಿರಾಕರಿಸುವ ಯಜಮಾನರು ಇದ್ದಾರೆಂಬುದು ಬೇಸರದ ಸಂಗತಿ.

ಸ್ಲ್ಯಾಬ್ ಹಾಕುವ ದಿನಕ್ಕಿಂತ ಅದರ ಹಿಂದಿನ ಸಂಜೆ ಮುಖ್ಯವಾದದ್ದು. ಆ ಹೊತ್ತಿಗೆ ಸೆಂಟ್ರಿಂಗ್, ಕಬ್ಬಿಣ ಮತ್ತು ಕರೆಂಟಿನ ಪೈಪು ಈ ಮೂವರ ಕೆಲಸವೂ ಒಂದರ ಮೇಲೊಂದು ಕೂತಿರುತ್ತದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದೆಲ್ಲ ಕಾಂಕ್ರೀಟಿನೊಳಗೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಮೊಣಕಾಲೂರಿ ಕೂತು ಕಬ್ಬಿಣದ ಜಾಲಿಯ ಕೆಳಗೆ ಕಣ್ಣು ಹಾಯಿಸಿದರೆ ಸರಳು ಮತ್ತು ಹಲಗೆಯ ನಡುವೆ 20 ಎಂಎಂ ಕವರ್ ಬ್ಲಾಕುಗಳು ಎಲ್ಲೆಲ್ಲಿ ಇಲ್ಲವೆಂಬುದು ಬೆಳಕಿನ ಗೆರೆಯಲ್ಲಿ ಕಾಣುತ್ತದೆ, ಬ್ಲಾಕಿಲ್ಲದ ಕಡೆ ಸರಳು ಹಲಗೆಗೇ ತಾಗಿಕೊಂಡಿರುತ್ತದೆ. ಬೀಮಿನ ಮೇಲೆ ಬರುವ ಮೇಲ್ಭಾಗದ ಹೆಚ್ಚುವರಿ ಸರಳುಗಳ ಕೆಳಗೆ ಕುರ್ಚಿಯಂತೆ ಬಾಗಿಸಿದ ಕಬ್ಬಿಣದ ತುಂಡುಗಳಿಲ್ಲದಿದ್ದರೆ, ಬುಟ್ಟಿ ಹೊತ್ತವರ ಕಾಲಿಗೆ ಸಿಕ್ಕು ಅವು ಕೆಳಕ್ಕೆ ಕುಸಿದು ಇದ್ದೂ ಇಲ್ಲದಂತಾಗುತ್ತವೆ. ಫ್ಯಾನಿನ ಡಬ್ಬಿಗಳೊಳಗೆ ಸಿಮೆಂಟ್ ಚೀಲದ ಕಾಗದ ತುರುಕಿದ್ದಾರೆಯೇ, ಪೈಪುಗಳ ಬಾಯಿ ಮುಚ್ಚಿದ್ದಾರೆಯೇ, ಸಂಡಾಸದ ಭಾಗ ಇಂಜಿನಿಯರ್ ಬರೆದಷ್ಟು ತಗ್ಗಾಗಿದೆಯೇ, ಮೆಟ್ಟಿಲಿಗೆ ಬಿಡಬೇಕಾದ ಸರಳುಗಳು ಹೊರಗೆ ಉಳಿದಿವೆಯೇ ಎಂದು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡಬೇಕು. ಕೆಳಗಿಳಿದು ಆಸರೆಯ ಕಂಬಗಳ ಬುಡ ನೋಡಬೇಕು. ತುಂಬಿದ ಮುರುಮದ ಮೇಲೆ ನೇರವಾಗಿ ನಿಂತ ಕಂಬ ನೀರು ಸುರಿದಾಗ ಇಳಿಯುತ್ತದೆ, ಅದರ ಕೆಳಗೆ ಅಗಲವಾದ ಹಲಗೆಯ ತುಂಡು ಇರಲೇಬೇಕು. ಹೀಗೆ ನೋಡುತ್ತ ಮೊಬೈಲ್‌ನಲ್ಲಿ ಪ್ರತಿ ಕೋಣೆಯ ಚಿತ್ರವನ್ನು ಟೇಪ್ ಹಿಡಿದು ತೆಗೆದಿಟ್ಟುಕೊಂಡರೆ, ಮುಂದೆ ಗೋಡೆ ಅಥವಾ ಸ್ಲ್ಯಾಬಿಗೆ ತೂತು ಹಾಕುವವನಿಗೆ ಪೈಪು ಎಲ್ಲಿದೆಯೆಂದು ತೋರಿಸಬಹುದು.

ಮರುದಿನದ ಕಾವಲೆಲ್ಲ ನೀರಿನದು. ಮಿಕ್ಸರ್ ಬಳಿ ನಿಂತವನಿಗೆ ಕಾಂಕ್ರೀಟು ತೆಳುವಾದಷ್ಟೂ ಸುಲಭ, ಆದ್ದರಿಂದ ಕೇಳದೆಯೇ ಒಂದು ಕೊಡ ಹೆಚ್ಚು ಸುರಿಯುತ್ತಾನೆ. ಸ್ಲ್ಯಾಬಿಗೆ ಸಾಮಾನ್ಯವಾಗಿ ಬಳಸುವ ಎಂ-20 (ಮೇಲೆ ಹೇಳಿದ ಒಂದು, ಒಂದೂವರೆ, ಮೂರರ) ಮಿಶ್ರಣಕ್ಕೆ ಮಾನಕದ ಪ್ರಕಾರ ಒಂದು ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಸಲ್ಲದು. ಅಳತೆಯ ಬಕೆಟ್ ಒಂದನ್ನು ಗುರುತು ಮಾಡಿ ಇಟ್ಟು, ನಂಬಿಕೆಯ ಒಬ್ಬನನ್ನು ಬೆಳಗಿನಿಂದ ಸಂಜೆಯವರೆಗೆ ಅಲ್ಲಿಯೇ ನಿಲ್ಲಿಸುವುದು ಅತ್ಯುತ್ತಮ. ನಮ್ಮ ಮನೆಯಲ್ಲಿ ಆ ಕೆಲಸವನ್ನು ನಿವೃತ್ತ ಶಿಕ್ಷಕರಾದ ನಮ್ಮ ಕಾಕಾ ವಹಿಸಿಕೊಂಡು, ವರ್ಗದ ಹಾಜರಿಯಂತೆ ಪ್ರತಿ ಚೀಲಕ್ಕೂ ಗೀಟು ಹಾಕಿದರು. ಒಂದು ವೈಬ್ರೇಟರ್ ಕೆಟ್ಟರೆ ಇನ್ನೊಂದು ಇರಬೇಕು. ಅಚ್ಚಿನಲ್ಲಿ ತುಂಬಿದ ಕಾಂಕ್ರೀಟಿನ ಘನಗಳನ್ನು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ 7 ಮತ್ತು 28 ದಿನಕ್ಕೆ ಪರೀಕ್ಷೆ ಮಾಡಿಸಿದರೆ ಊಹೆಗೆ ಆಸ್ಪದವಿರುವುದಿಲ್ಲ, ಆದರೆ ಮನೆ ಕಟ್ಟಿಸುವವರಲ್ಲಿ ಅದನ್ನು ಮಾಡಿಸುವವರು ಬಹಳ ಕಡಿಮೆ.

ಕ್ಯೂರಿಂಗ್ ಎಂಬುದು ಎಲ್ಲರೂ ಒಪ್ಪಿ ಯಾರೂ ಪೂರ್ತಿ ಮಾಡದ ಕೆಲಸ. ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಕನಿಷ್ಠ 10 ದಿನ, ಬಿಸಿಲು ಹೆಚ್ಚಿದ್ದರೆ 14 ದಿನ ಕಾಂಕ್ರೀಟು ಹಸಿಯಾಗಿರಬೇಕು. ನಮ್ಮ ಬೇಸಿಗೆಯ ಒಣಗಾಳಿಗೆ ಬೆಳಿಗ್ಗೆ ಸಿಂಪಡಿಸಿದ ನೀರು ಹತ್ತು ಗಂಟೆಯ ಹೊತ್ತಿಗೆ ಇಲ್ಲವಾಗುತ್ತದೆ, ಹೀಗಾಗಿ ಸ್ಲ್ಯಾಬಿನ ಮೇಲೆ ಮಡಿ ಕಟ್ಟಿ ನೀರು ನಿಲ್ಲಿಸಬೇಕು, ಕಾಲಮ್ಮುಗಳಿಗೆ ಗೋಣಿತಟ್ಟು ಸುತ್ತಿ ತೋಯಿಸಬೇಕು. ನಳದ ನೀರು ದಿನ ಬಿಟ್ಟು ದಿನವೂ ಬಾರದ ಬಡಾವಣೆಗಳಲ್ಲಿ ಇದು ಸಣ್ಣ ಮಾತಲ್ಲ. ನಾವು ಎಲ್ಲಕ್ಕಿಂತ ಮೊದಲು ನೆಲದೊಳಗಿನ ನೀರಿನ ಟಾಕಿಯನ್ನು ಕಟ್ಟಿಸಿ, ಟ್ಯಾಂಕರ್ ನೀರನ್ನು ಅದರಲ್ಲಿ ತುಂಬಿಸಿಕೊಂಡು ಇಡೀ ಮನೆಯ ಕೆಲಸ ನಡೆಸಿದೆವು. ಸವಳು ಬೋರಿನ ನೀರನ್ನು ಕಬ್ಬಿಣವಿರುವ ಕಾಂಕ್ರೀಟಿಗೆ ಬಳಸಬಾರದು, ಅದರ ಕ್ಲೋರೈಡ್ ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ.

ಸ್ಲ್ಯಾಬಿನ ನಂತರದ ಕೆಲಸಗಳಲ್ಲಿ ಅಪಾಯ ಕಡಿಮೆ, ಸಂದಿಗಳು ಹೆಚ್ಚು. ಗೋಡೆ ಕೊರೆದು ಪೈಪು ಹಾಕುವುದೆಲ್ಲ ಪ್ಲಾಸ್ಟರಿಗೆ ಮೊದಲು ಮುಗಿಯಬೇಕು. ಸಂಡಾಸದ ತಗ್ಗಿನಲ್ಲಿ ವಾಟರ್‌ಪ್ರೂಫಿಂಗ್ ಮಾಡಿದ ಮೇಲೆ ಎರಡು ದಿನ ನೀರು ನಿಲ್ಲಿಸಿ ಕೆಳಗಿನ ಛತ್ತು ಒಣಗಿದೆಯೆಂದು ಖಾತ್ರಿ ಮಾಡಿಕೊಂಡೇ ಟೈಲ್ಸ್‌ನವನನ್ನು ಕರೆಯಬೇಕು. ದಾಂಡೇಲಿಯ ಡಿಪೋದಿಂದ ತಂದ ಸಾಗವಾನಿಯೇ ಆದರೂ ಹಸಿ ಇದ್ದರೆ ಬಾಗಿಲು ತಿರುಚಿಕೊಳ್ಳುತ್ತದೆ, ಆದ್ದರಿಂದ ಕಟ್ಟಿಗೆಯನ್ನು ಪಾಯದ ಹೊತ್ತಿಗೇ ಕೊಂಡು ನೆರಳಿನಲ್ಲಿ ಒಣಗಲು ಬಿಡಬೇಕು. ಪ್ಲಾಸ್ಟರ್ ಪೂರ್ತಿ ಆರುವ ಮೊದಲು ಪುಟ್ಟಿ ಹಚ್ಚಲು ಬರುವ ಪೇಂಟರ್‌ನನ್ನು ಚಹಾ ಕುಡಿಸಿ ಕಳಿಸಬೇಕು.

ಎಷ್ಟು ಉಳಿಯಿತು ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ನಾನು ಮೊದಲು ಪಡೆದಿದ್ದ ಪೂರ್ತಿ ಗುತ್ತಿಗೆಯ ದರಕ್ಕೂ ಕೀರ್ದಿಯ ಕೊನೆಯ ಮೊತ್ತಕ್ಕೂ ಒಳ್ಳೆಯ ಅಂತರವೇ ಇತ್ತು. ಆದರೆ ಆ ಅಂತರದಲ್ಲಿ ಒಂದು ಭಾಗ ಕೆಲಸ ತಡವಾದದ್ದರಿಂದ ಕೊಟ್ಟ ಮನೆಬಾಡಿಗೆಗೆ ಹೋಯಿತು, ಇನ್ನೊಂದು ಭಾಗವನ್ನು ಹೆಚ್ಚು ಕಬ್ಬಿಣ ಮತ್ತು ಒಳ್ಳೆಯ ಪೈಪಿನ ರೂಪದಲ್ಲಿ ಮನೆಯೊಳಗೇ ಹಾಕಿದೆವು. ದಿನವೂ ಕಟ್ಟಡದ ಮೇಲೆ ಇರಬಲ್ಲವರು ಮನೆಯಲ್ಲಿ ಒಬ್ಬರಾದರೂ ಇದ್ದರೆ ಈ ದಾರಿ ಹಿಡಿಯಬಹುದು. ಬೆಂಗಳೂರು, ಪುಣೆಯಲ್ಲಿ ನೌಕರಿ ಮಾಡುತ್ತ ಶನಿವಾರ ರೈಲು ಹತ್ತಿ ಬಂದು ನೋಡಿಹೋಗುತ್ತೇನೆ ಎನ್ನುವವರು ಒಳ್ಳೆಯ ಗುತ್ತಿಗೆದಾರನನ್ನೇ ಹುಡುಕಿಕೊಳ್ಳುವುದು ಕ್ಷೇಮ, ಏಕೆಂದರೆ ಐದು ದಿನದ ಸಂದಿಗಳನ್ನು ಎರಡು ದಿನದಲ್ಲಿ ಮುಚ್ಚಲು ಬರುವುದಿಲ್ಲ. ಮೇಲಿನ ಮಹಡಿಯನ್ನು ಮುಂದಿನ ದೀಪಾವಳಿಯ ನಂತರ ಎತ್ತಬೇಕೆಂದಿದ್ದೇವೆ. ಆಗ ಸೆಂಟ್ರಿಂಗ್, ಕಬ್ಬಿಣ ಕಟ್ಟುವುದು ಮತ್ತು ಕಾಂಕ್ರೀಟು ಹಾಕುವುದನ್ನು ಒಬ್ಬನೇ ಜವಾಬ್ದಾರನಿಗೆ ಒಟ್ಟಾಗಿ ಕೂಲಿ ಗುತ್ತಿಗೆ ಕೊಟ್ಟು, ಸಾಮಾನಿನ ಖರೀದಿ ಮತ್ತು ಅಳತೆಯನ್ನು ನನ್ನ ಕೈಯಲ್ಲಿ ಇಟ್ಟುಕೊಳ್ಳುವವನಿದ್ದೇನೆ. ಅದೇ ಹಿರಿಯ ಗೌಂಡಿಗೆ ಮಾತು ಹೇಳಿಯೂ ಆಗಿದೆ, ಕಾಕಾ ಕೂಡ ಗೀಟು ಹಾಕಲು ಹೊಸ ವಹಿ ಕೇಳಿದ್ದಾರೆ.